ಗಡಿ ಬೀಗ ಯಾರ ಕೈಲಿದ್ರೂ ಹೊರಗೆ ನಿಲ್ಲೋರು ನಾವೇ



ದಿಲ್ಲಿ ದಬ್ಬಾಳಿಕೆ ನಿಲ್ಲಬೇಕು, ಒಕ್ಕೂಟ ವ್ಯವಸ್ಥೆ ಉಳಿಯಬೇಕು ಅಂತ ನಾವೆಲ್ಲ ಮಾತಾಡ್ತೀವಿ. ತೆರಿಗೆ ಪಾಲಿನ ವಿಷಯದಲ್ಲಿ ನಾನೂ ಆ ಮಾತಿನ ಪರ. ಆದರೆ ಕೆಲವು ಸಂಗಾತಿಗಳು ಅದೇ ಉಮೇದಿನಲ್ಲಿ "ಗಡಿ ನಮ್ದು, ಯಾರನ್ನ ಒಳಗೆ ಬಿಡಬೇಕು ಅನ್ನೋದನ್ನ ರಾಜ್ಯವೇ ತೀರ್ಮಾನಿಸಲಿ" ಅಂತಿದ್ದಾರೆ. ಇಲ್ಲಿ ನನ್ನ ತಕರಾರಿದೆ. 2020 ಮರೆತುಬಿಟ್ರಾ?

ಆ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಕಾಸರಗೋಡು ಗಡಿಯ ರಸ್ತೆಗಳಿಗೆ ಮಣ್ಣು ಸುರಿಸಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ತಲಪಾಡಿಯಲ್ಲಿ ನಿಂತರು. ಕೆಲವರು ಸತ್ತೇಹೋದರು. ಮಹಾಜನ್ ವರದಿ ಹಿಡಿದು ಕಾಸರಗೋಡು ನಮ್ಮದು ಅನ್ನುವ ರಾಜ್ಯ ಅಲ್ಲಿನ ಕನ್ನಡಿಗರ ಎದುರೇ ಮಣ್ಣಿನ ಗುಡ್ಡೆ ಹಾಕಿತು! ಹೆದ್ದಾರಿ ತಡೆ ತೆಗೆಸಿ ಅಂತ ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಕೇಂದ್ರಕ್ಕೆ ಹೇಳಿದರೆ, ಕರ್ನಾಟಕ ಸುಪ್ರೀಂ ಕೋರ್ಟಿಗೆ ಓಡಿತು.

ಹಾಗಂತ ಕೇಂದ್ರ ಸಾಚಾನಾ? ನಾಲ್ಕು ಗಂಟೆ ನೋಟಿಸಿನಲ್ಲಿ ದೇಶಕ್ಕೆ ಬೀಗ ಹಾಕಿದ್ದು ಅದೇ. ಗಡಿ ಮುಚ್ಚಿ, ಊರಿಗೆ ನಡೆದು ಹೊರಟ ಕೂಲಿಗಳನ್ನು ತಡೆಯಿರಿ ಅಂತ ಮಾರ್ಚ್ 29ರಂದು ಆದೇಶ ಕೊಟ್ಟಿದ್ದೂ ಅದೇ. ಸಾಮಾನಿನ ಲಾರಿಗೆ ದಾರಿ ಇತ್ತು, ಸಾಮಾನು ಹೊರೋನಿಗೆ ಇರಲಿಲ್ಲ.

ನಾನು ಗುಮಾಸ್ತ. ಸುತ್ತೋಲೆ ಓದೋದೇ ನನ್ನ ಹೊಟ್ಟೆಪಾಡು. ಮೇ 17ರ ಕೇಂದ್ರದ ಆದೇಶದಲ್ಲಿ, ಸಂಬಂಧಪಟ್ಟ ರಾಜ್ಯಗಳ 'ಪರಸ್ಪರ ಒಪ್ಪಿಗೆ' ಇದ್ದರೆ ಬಸ್ಸು, ವಾಹನ ಗಡಿ ದಾಟಬಹುದು ಅಂತಿತ್ತು. ಮಾರನೇ ದಿನವೇ ಯಡಿಯೂರಪ್ಪನವರ ಸರ್ಕಾರ ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳದಿಂದ ಬರೋರಿಗೆ ಮೇ 31ರವರೆಗೆ ಪ್ರವೇಶ ಇಲ್ಲ ಅಂದಿತು. ಎರಡು ಸರ್ಕಾರಗಳ ಒಪ್ಪಿಗೆ ಬೇಕಂತೆ. ಮನೆಗೆ ಹೊರಟವನ ಒಪ್ಪಿಗೆಗೆ ಯಾವ ಕಾಲಮ್ಮೂ ಇಲ್ಲ.

ಅದೇ ತಿಂಗಳ ಮೊದಲ ವಾರ ಇದರ ಉಲ್ಟಾ ಆಟ. ಬಿಲ್ಡರ್‌ಗಳ ಜೊತೆ ಸಭೆ ಆಯ್ತು, ಉತ್ತರದ ಕೂಲಿಗಳನ್ನು ಊರಿಗೆ ಕರೆದೊಯ್ಯೋ ಶ್ರಮಿಕ್ ರೈಲು ರದ್ದು ಮಾಡಿ ಅಂತ ರಾಜ್ಯವೇ ರೈಲ್ವೆಗೆ ಬರೆಯಿತು. ಜನ ಉಗಿದ ಮೇಲೆ ನಿರ್ಧಾರ ಬದಲಾಯ್ತು. ದುಡಿಯೋನು ಬೇಕಾದಾಗ ಒಳಗೆ ಕೂಡಿಹಾಕು, ಬೇಡವಾದಾಗ ಹೊರಗೆ ನಿಲ್ಲಿಸು!

ಆಗ ಮಹಾರಾಷ್ಟ್ರದಿಂದ ಬಂದವರು ಪರಕೀಯರಾ? ಚನ್ನರಾಯಪಟ್ಟಣ, ಹೊಳೆನರಸೀಪುರದ ಕಡೆಯಿಂದ ಮುಂಬೈಗೆ ದುಡಿಯೋಕೆ ಹೋದ ನಮ್ಮವರೇ. ಹಾಸನ ಜಿಲ್ಲೆಯ ಮೊದಲ ಸೋಂಕು ಮುಂಬೈಯಿಂದ ಮರಳಿದವರಲ್ಲಿ ಕಂಡ ಮೇಲೆ 'ಬಾಂಬೆಯವರು' ಅನ್ನೋದೇ ಬೈಗುಳವಾಯ್ತು. ಹಾಸನದಿಂದ ಅರಕಲಗೂಡಿನವರೆಗೆ ಊರಿಗೂ ಕೇರಿಗೂ ನಡುವೆ ಗೆರೆ ಎಳೆದೇ ಬದುಕಿದ ಸಮಾಜಕ್ಕೆ ಇನ್ನೊಂದು ಗೆರೆ ಎಳೆಯೋದು ಎಷ್ಟರ ಕೆಲಸ?

ಬಾಬಾಸಾಹೇಬರು 1948ರ ನವೆಂಬರ್ 4ರಂದು ಕರಡು ಸಂವಿಧಾನ ಮಂಡಿಸುವಾಗಲೇ ಇದನ್ನು ಬಿಡಿಸಿ ಹೇಳಿದ್ದರು: ಸರ್ಕಾರ ಎರಡು ಹಂತದ್ದು, ಪೌರತ್ವ ಮಾತ್ರ ಒಂದೇ. ದೇಶದ ಎಲ್ಲಿಗಾದರೂ ಹೋಗುವ, ನೆಲೆಸುವ ಹಕ್ಕು 19ನೇ ವಿಧಿಯಲ್ಲಿದೆ. ರಾಜ್ಯ ರಾಜ್ಯಗಳ ನಡುವಿನ ವಲಸೆ ಮತ್ತು ಕ್ವಾರಂಟೈನ್ ಕೇಂದ್ರ ಪಟ್ಟಿಯ 81ನೇ ನಮೂದು. ಹೊಣೆ ದಿಲ್ಲಿಯದ್ದು. ಅದು 'ಪರಸ್ಪರ ಒಪ್ಪಿಗೆ' ಅಂತ ಬರೆದು ಕೈ ತೊಳೆದುಕೊಂಡಿತು. ಬೆಂಗಳೂರು ಆ ಸಂದಿನಲ್ಲಿ ಬಾಗಿಲು ಹಾಕಿತು.

ರೋಗ ಬಂದಾಗ ತಪಾಸಣೆ ಬೇಡ ಅಂತ ಯಾರೂ ಹೇಳಲ್ಲ. ಪರೀಕ್ಷೆ ಮಾಡಿ, ಹದಿನಾಲ್ಕು ದಿನ ಇಟ್ಕೊಳ್ಳಿ, ಊಟ, ಹಾಸಿಗೆ, ಔಷಧಿ ಕೊಡಿ. ಆದರೆ ಒಳಗೆ ಬಿಟ್ಟು ಅದನ್ನೆಲ್ಲ ಮಾಡಿ.

ಆದ್ದರಿಂದ ಸಂಗಾತಿಗಳೇ, ಒಕ್ಕೂಟದ ಪರ ನಿರ್ಣಯ ಬರೆಯುವಾಗ ಈ ಒಂದು ಸಾಲನ್ನೂ ಸೇರಿಸಿ: ಮನೆಗೆ ಮರಳುವ ದುಡಿಮೆಗಾರನನ್ನು ಗಡಿಯಲ್ಲಿ ತಡೆಯುವ ಅಧಿಕಾರ ದಿಲ್ಲಿಗೂ ಇಲ್ಲ, ಬೆಂಗಳೂರಿಗೂ ಇಲ್ಲ. ಈ ಸಾಲಿಲ್ಲದ ನಿರ್ಣಯಕ್ಕೆ ನನ್ನ ಸಹಿ ಇಲ್ಲ.

ಜೈ ಭೀಮ್. ಜೈ ಸಂವಿಧಾನ.