ಅಂಗನವಾಡಿಯ ಗದ್ದಲ, ಟೀಚರಮ್ಮನ ಕಿವಿ

ಆಂಧ್ರದ ಆದೋನಿ ಹತ್ತಿ ಜಿನ್ನಿಂಗ್ ಮಿಲ್ಲುಗಳ ಊರು. ಮಿಲ್ಲಿನ ಕಾರ್ಮಿಕರ ಕಿವಿಗೆ ಎಷ್ಟು ಸದ್ದು ಬೀಳಬಹುದು ಎಂಬುದಕ್ಕೆ ಕಾರ್ಖಾನೆ ನಿಯಮಗಳಲ್ಲಿ ಮಿತಿಯಿದೆ: ಎಂಟು ಗಂಟೆಯ ಪಾಳಿಗೆ 90 ಡೆಸಿಬಲ್. ಅವರ ಮಕ್ಕಳನ್ನು ನೋಡಿಕೊಳ್ಳುವ ಅಂಗನವಾಡಿ ಟೀಚರಮ್ಮ, ಆಯಮ್ಮಂದಿರಿಗೆ ಇಂಥ ಮಿತಿಯ ಮಾತೇ ಬಂದಿಲ್ಲ. 1975ರಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ (ಐಸಿಡಿಎಸ್) ಶುರುವಾದಂದಿನಿಂದ ಅವರು ಗೌರವಧನದ ಮೇಲೆ ದುಡಿಯುವವರು. ಅವರದು ಸರ್ಕಾರಿ ಹುದ್ದೆಯಲ್ಲ ಎಂದು ಕರ್ನಾಟಕದ ಅಮೀರ್‌ಬಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು. ಗ್ರಾಚ್ಯುಟಿಗೆ ಮಾತ್ರ ಅರ್ಹರು ಎಂದು 2022ರಲ್ಲಿ ಒಪ್ಪಿತು. ಹೀಗೆ ನೌಕರಿ ಹೌದೋ ಅಲ್ಲವೋ ಎಂಬುದೇ ಇತ್ಯರ್ಥವಾಗದ ಕಡೆ ಕಿವಿಯ ಕಾಳಜಿ ಯಾರ ತಲೆಗೆ ಬರಬೇಕು?

ಮಕ್ಕಳ ಗಲಾಟೆಗೆ ಕಿವಿ ಕೆಡುವುದುಂಟೇ ಎಂದು ಕೇಳುವವರ ಮಾತಿನಲ್ಲೂ ತಿರುಳಿದೆ. ಕಿವಿಗಾಗುವ ಹಾನಿ ಸದ್ದಿನ ಜೋರು ಮತ್ತು ಅದು ಬೀಳುವ ಹೊತ್ತು, ಎರಡನ್ನೂ ಅವಲಂಬಿಸಿದೆ. 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದು ಎಂಬುದು ಈಗ ಹೆಚ್ಚಾಗಿ ಬಳಕೆಯಲ್ಲಿರುವ ಲೆಕ್ಕ. ಪ್ರತಿ ಮೂರು ಡೆಸಿಬಲ್ ಏರಿದಂತೆ ಆ ಹೊತ್ತು ಅರ್ಧಕ್ಕಿಳಿಯುತ್ತದೆ. ಕಂಕುಳಲ್ಲಿರುವ ಮಗು ಕಿರುಚಿದರೆ ಸದ್ದು 100 ದಾಟಬಹುದು, ಆದರೆ ಅದು ಕೆಲ ನಿಮಿಷದ್ದು. ಮಿಲ್ಲಿನ ಯಂತ್ರದ ಹಾಗೆ ಬಿಡುವಿಲ್ಲದೆ ಬಡಿಯುವ ಸದ್ದು ಇಲ್ಲಿಲ್ಲ. ಮೇಲಾಗಿ, ಸದ್ದಿಲ್ಲದ ಅಂಗನವಾಡಿ ಎಂದರೆ ಹೆದರಿ ಕೂತ ಮಕ್ಕಳು. ಕೋಸಿಗಿ, ಹೊಳಗುಂದದ ಕಡೆಯಿಂದ ಅಪ್ಪ ಅಮ್ಮ ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ ಗುಳೆ ಹೋಗಿರುತ್ತಾರೆ. ಅಜ್ಜಿಯ ಹತ್ತಿರ ಉಳಿದ ಮಗುವಿಗೆ ಬಾಯ್ತುಂಬ ಕೂಗಿ ಆಡಲು ಇರುವುದು ಅದೊಂದೇ ಜಾಗ.

ಕಿವಿಗೆ ಪ್ಲಗ್ ಹಾಕಿಕೊಳ್ಳಿ ಎನ್ನುವುದಕ್ಕೂ ತಕರಾರಿದೆ. ಗಂಟಲಲ್ಲಿ ಅನ್ನ ಸಿಕ್ಕಿದ ಮಗು ಜೋರಾಗಿ ಕೂಗುವುದಿಲ್ಲ. ಆ ಸಣ್ಣ ಸದ್ದು ಕೇಳದಿದ್ದರೆ ಅನಾಹುತ. ಇನ್ನು, 2023ರ ಡಿಸೆಂಬರ್‌ನಿಂದ ಆಂಧ್ರದ ಅಂಗನವಾಡಿಯವರು 42 ದಿನ ಮುಷ್ಕರ ಹೂಡಿದಾಗ ಟೀಚರಿಗೆ ತಿಂಗಳಿಗೆ 11,500, ಆಯಾಗೆ 7,000 ರೂಪಾಯಿ ಸಿಗುತ್ತಿತ್ತು. ಸಂಬಳಕ್ಕೇ ಬೀದಿಗಿಳಿಯಬೇಕಾದವರ ಮುಂದೆ ಡೆಸಿಬಲ್ ಲೆಕ್ಕ ಇಡುವುದು ಅತಿಯಾಗಲಿಲ್ಲವೇ ಎಂಬ ಮಾತನ್ನೂ ತಳ್ಳಿಹಾಕಲಾಗದು.

ಇನ್ನೊಂದು ಕಡೆಯ ವಾದ ಕಿವುಡಿನಿಂದ ಶುರುವಾಗುವುದಿಲ್ಲ, ದಣಿವಿನಿಂದ ಶುರುವಾಗುತ್ತದೆ. ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದವರು ಸಾವಿರಾರು ಶಿಶುವಿಹಾರ ಶಿಕ್ಷಕಿಯರನ್ನು ವಿಚಾರಿಸಿ 2019ರಲ್ಲಿ ಹೊರತಂದ ಅಧ್ಯಯನದಲ್ಲಿ ಹತ್ತರಲ್ಲಿ ಏಳು ಮಂದಿ ಸದ್ದಿನಿಂದ ಕಿವಿ ದಣಿಯುತ್ತದೆ ಎಂದಿದ್ದರು. ಮಾತು ಸ್ಪಷ್ಟವಾಗಿ ಕೇಳುವುದು ಕಷ್ಟ ಎಂದವರು ಹತ್ತಿರ ಹತ್ತಿರ ಅರ್ಧದಷ್ಟು. ಬೇರೆ ಹೆಂಗಸರಲ್ಲಿ ಈ ತೊಂದರೆಗಳು ಬಹಳ ಕಡಿಮೆ ಕಂಡವು. ಅಲ್ಲಿನ ಕಟ್ಟಡಗಳಲ್ಲೇ ಹೀಗಾದರೆ, ಇಲ್ಲಿ ಆರ್‌ಸಿಸಿ ಸೂರು, ಸಿಮೆಂಟು ಗೋಡೆ, ಬಂಡೆಕಲ್ಲಿನ ನೆಲವಿರುವ ಒಂದೇ ಕೋಣೆ. ಈ ಕೋಣೆಯಲ್ಲಿ ಸದ್ದು ಇಂಗುವುದಿಲ್ಲ, ತಿರುಗಿ ತಿರುಗಿ ಬರುತ್ತದೆ. ಊಟದ ಹೊತ್ತು ಸ್ಟೀಲ್ ತಟ್ಟೆಗಳು ಕಲ್ಲಿಗೆ ತಾಗುತ್ತವೆ, ಮಕ್ಕಳು ದನಿ ಏರಿಸುತ್ತಾರೆ, ಅವರನ್ನು ಮೀರಿಸಲು ಟೀಚರಮ್ಮ ಕೂಗುತ್ತಾರೆ, ಅದನ್ನು ಮೀರಿಸಲು ಮಕ್ಕಳು. ಸಂಜೆ ಹೊತ್ತಿಗೆ ಗಂಟಲು ಕಟ್ಟಿರುತ್ತದೆ, ಕಿವಿ ಗುಂಯ್‌ಗುಡುತ್ತಿರುತ್ತದೆ.

ಗಡಿಭಾಗದಲ್ಲಿ ಇದಕ್ಕೆ ಇನ್ನೊಂದು ಮಗ್ಗುಲಿದೆ. 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದ ಆದೋನಿ, ಆಲೂರು ಸೀಮೆಯಲ್ಲಿ ಮನೆಯಲ್ಲಿ ಕನ್ನಡ ಆಡುವ ಮಕ್ಕಳು ಅಂಗನವಾಡಿಯಲ್ಲಿ ತೆಲುಗು ಕಲಿಯುತ್ತಾರೆ. ಬಾರದ ಭಾಷೆ ಗದ್ದಲದಲ್ಲಿ ತಾಯಿನುಡಿಗಿಂತ ಬೇಗ ಕಲಸಿಹೋಗುತ್ತದೆ. ಟೀಚರಮ್ಮನ ಕಿವಿಗೆ ಕಷ್ಟವಾದ ಕೋಣೆ ಮಗುವಿನ ಕಲಿಕೆಗೂ ಕಷ್ಟವೇ.

ದಿನವಿಡೀ ಪ್ಲಗ್ ಬೇಡ ಎನ್ನುವವರ ಮಾತು ಸರಿ. ಆದ್ದರಿಂದ ಏನೂ ಬೇಡ ಎನ್ನುವುದು ಸರಿಯಲ್ಲ. ಮೊದಲು ಕೋಣೆ ಸರಿಯಾಗಲಿ. ಆದೋನಿಯ ಹತ್ತಿ ಜಮಖಾನಗಳು ಒಂದು ಕಾಲಕ್ಕೆ ಹೆಸರುವಾಸಿ. ತಟ್ಟೆಯ ಕೆಳಗೆ ಚಾಪೆ, ಆಟದ ಜಾಗಕ್ಕೆ ಜಮಖಾನ, ಬರಿ ಗೋಡೆಗೆ ದಪ್ಪ ಬಟ್ಟೆ ಬಿದ್ದರೆ ಗದ್ದಲ ತಗ್ಗುತ್ತದೆ, ಖರ್ಚೂ ದೊಡ್ಡದಲ್ಲ. ಬಿಸಿಲೇರುವ ಮುಂಚೆ ಅರ್ಧ ಮಕ್ಕಳನ್ನು ಬೇವಿನ ಮರದಡಿ ಕೂರಿಸಬಹುದು. ಆಗಲೇ ಕಿವಿ ಗುಂಯ್‌ಗುಡುವವರಿಗೆ ಸದ್ದನ್ನು ಹದವಾಗಿ ತಗ್ಗಿಸುವ ಫಿಲ್ಟರ್ ಪ್ಲಗ್ ಕೊಡಬಹುದು, ಅದೂ ಜೊತೆಗೆ ಇನ್ನೊಬ್ಬರು ಇರುವಾಗ ಮಾತ್ರ. ಹತ್ತಿ ತುರುಕಿಕೊಂಡರೆ ಆಗುವ ಪ್ರಯೋಜನ ಬಹಳ ಕಡಿಮೆ.

ಎಲ್ಲಕ್ಕಿಂತ ಮುಖ್ಯ, ಕೆಲಸಕ್ಕೆ ಸೇರುವಾಗೊಮ್ಮೆ, ಆಮೇಲೆ ಕೆಲ ವರ್ಷಕ್ಕೊಮ್ಮೆ ಶ್ರವಣ ಪರೀಕ್ಷೆ. ಸದ್ದಿನ ಹಾನಿ ಮೊದಲು ಕಾಣುವುದು 4,000 ಹರ್ಟ್ಸ್ ಆಸುಪಾಸಿನಲ್ಲಿ. ಆಗಿನ್ನೂ ಟೀಚರಮ್ಮನಿಗೆ ಅದರ ಅರಿವೇ ಇರುವುದಿಲ್ಲ. ಒಮ್ಮೆ ಹೋದ ಕೇಳ್ಮೆ ಮರಳುವುದೂ ಇಲ್ಲ. ಕಿವುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 2006-07ರಲ್ಲೇ ಶುರುವಾಗಿದೆ. ಅದರಡಿ ಇವರನ್ನೂ ಸೇರಿಸಿ ಎಂದು ಕೇಳುವುದು ಅತಿಯಾಸೆಯಲ್ಲ. ಸಂಬಳದ ಬೇಡಿಕೆಯನ್ನು ಕೈಬಿಟ್ಟು ಇದನ್ನು ಹಿಡಿಯಬೇಕಿಲ್ಲ. ಮುಂದಿನ ಬೇಡಿಕೆ ಪಟ್ಟಿಯಲ್ಲಿ ಅದರ ಕೆಳಗೆ ಇದಕ್ಕೂ ಒಂದು ಸಾಲು ಇರಲಿ.