ಲಾರಿಯಲ್ಲಿ ಹೋಗುತ್ತಿರುವುದು ಮರವಷ್ಟೇ ಅಲ್ಲ

ನೆಡುತೋಪನ್ನು ಕಡಿದು ಲಾರಿಗೆ ತುಂಬುವಾಗ ಎಷ್ಟು ಟನ್ ಮರ ಹೋಯಿತೆಂದು ಬರೆದಿಡುತ್ತಾರೆ. ಅದರೊಡನೆ ಎಷ್ಟು ಸುಣ್ಣದಂಶ, ಎಷ್ಟು ಪೊಟ್ಯಾಷ್, ಎಷ್ಟು ರಂಜಕ ಗುಡ್ಡವಿಳಿದು ಹೋಯಿತೆಂದು ಬರೆಯುವವರಿಲ್ಲ. ಮಲೆನಾಡಿನ ಸೆರಗಿನಲ್ಲಿರುವ ನ್ಯಾಮತಿಯ ರೈತರಿಗೆ ಈ ಲೆಕ್ಕ ಹೊಸದಲ್ಲ. ಮೆಕ್ಕೆಜೋಳದ ತೆನೆ, ದಂಟು ಎರಡನ್ನೂ ಹೊತ್ತೊಯ್ದು ಗೊಬ್ಬರ ಹಾಕದಿದ್ದರೆ ಹೊಲ ಸೊರಗುವುದೆಂದು ಅವರು ಬಲ್ಲರು. ಕಾಡಿಗೆ ಗೊಬ್ಬರ ಹಾಕುವವರು ಯಾರು?

ಕಾಡು ತನ್ನ ಗೊಬ್ಬರವನ್ನು ತಾನೇ ಮಾಡಿಕೊಳ್ಳುತ್ತದೆ. ಉದುರಿದ ದರಗನ್ನು ಗೆದ್ದಲು, ಎರೆಹುಳು, ಅಣಬೆಗಳು ಕೊಳೆಸುತ್ತವೆ. ಆ ಸಾರವನ್ನು ಬೇರುಗಳು ಮತ್ತೆ ಹೀರುತ್ತವೆ. ಮಲೆನಾಡಿನ ಜಂಬಿಟ್ಟಿಗೆ ನೆಲದ ಆಳದ ಸಾರವನ್ನು ಮಳೆ ಎಂದೋ ತೊಳೆದಿದೆ. ಉಳಿದ ಸಂಪತ್ತು ಬಹುಪಾಲು ಮರಗಳಲ್ಲಿ ಮತ್ತು ಮೇಲ್ಮಣ್ಣಿನಲ್ಲಿದೆ. ಮರ ಕಡಿದರೆ ಈ ಚಕ್ರವೇ ತುಂಡಾಗುತ್ತದೆ. ಅಮೆರಿಕದ ಹಬಾರ್ಡ್ ಬ್ರೂಕ್ ಅರಣ್ಯದಲ್ಲಿ 1965ರ ಚಳಿಗಾಲದಲ್ಲಿ ವಿಜ್ಞಾನಿಗಳು ಒಂದು ಕಣಿವೆಯ ಮರಗಳನ್ನೆಲ್ಲ ಕಡಿಸಿ, ಅಲ್ಲೇ ಬಿಟ್ಟು, ಕಳೆನಾಶಕದಿಂದ ಮರುಚಿಗುರನ್ನು ತಡೆದರು. ಒಂದು ತುಂಡನ್ನೂ ಸಾಗಿಸದಿದ್ದರೂ ತೊರೆಯ ನೀರಿನಲ್ಲಿ ನೈಟ್ರೇಟ್ ಹತ್ತಾರು ಪಟ್ಟು ಹೆಚ್ಚಿತು. ಮರವನ್ನೂ ಸಾಗಿಸುವಲ್ಲಿ ನಷ್ಟ ಇಮ್ಮಡಿಯಾಗದೆ?

ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ 1980ರಲ್ಲಿ 40 ವರ್ಷಗಳ ಗುತ್ತಿಗೆಗೆ ಅರಣ್ಯಭೂಮಿಯನ್ನು ಕೊಡಲಾಯಿತು. ಅಲ್ಲಿ ಅಕೇಶಿಯಾ, ನೀಲಗಿರಿ ಬೆಳೆದವು. 2015ರಲ್ಲಿ ಕಾರ್ಖಾನೆಯ ಉತ್ಪಾದನೆ ನಿಂತಿತು. ಆದರೂ 2020ರಲ್ಲಿ ಸರ್ಕಾರವು ಸುಮಾರು 20,000 ಹೆಕ್ಟೇರ್ ಭೂಮಿಯ ಗುತ್ತಿಗೆಯನ್ನು ಮತ್ತೆ 40 ವರ್ಷ ವಿಸ್ತರಿಸಿತು. ನಿಂತ ಕಾರ್ಖಾನೆಗೆ ನೆಲದ ಸಾರವನ್ನು ಬರೆದುಕೊಡುವುದು ಯಾವ ನ್ಯಾಯ?

ಅಕೇಶಿಯಾ ಗಾಳಿಯ ಸಾರಜನಕವನ್ನು ನೆಲಕ್ಕೆ ಕೂಡಿಸುತ್ತದೆ, ಆದ್ದರಿಂದ ಹಾನಿಯಿಲ್ಲ ಎಂಬ ಸಮರ್ಥನೆಯುಂಟು. ಸಾರಜನಕದ ಮಾತು ನಿಜ. ಆದರೆ ಸುಣ್ಣ, ಪೊಟ್ಯಾಷ್, ರಂಜಕಗಳು ಗಾಳಿಯಿಂದ ಬರುವುದಿಲ್ಲ. ಬಹುಮಟ್ಟಿಗೆ ಕಲ್ಲು ಕರಗಿ ಮಣ್ಣಾಗುವ ನಿಧಾನಗತಿಯಲ್ಲೇ ಅವು ಮರಳಬೇಕು. ಎಳೆಯ ಮರದಲ್ಲಿ ಸಾರ ಹೆಚ್ಚಿರುವ ತೊಗಟೆ ಮತ್ತು ಹೊರಗಟ್ಟಿಗೆಯ ಪಾಲೇ ಹೆಚ್ಚು. ಕೆಲವೇ ವರ್ಷಕ್ಕೊಮ್ಮೆ ಕಡಿಯುವ ತೋಪು ನೆಲಕ್ಕೆ ಸುಧಾರಿಸಿಕೊಳ್ಳಲು ಬಿಡುವನ್ನೇ ಕೊಡುವುದಿಲ್ಲ. ಕಡಿದ ಮೇಲೆ ಸೊಪ್ಪುಸೊದೆಗೆ ಬೆಂಕಿಯಿಟ್ಟರೆ ಸಾರಜನಕ ಹೊಗೆಯಾಗುತ್ತದೆ, ಬೂದಿ ಮೊದಲ ಮಳೆಗೇ ಹಳ್ಳ ಸೇರುತ್ತದೆ.

ನಮ್ಮ ಬೇಡಿಕೆ ಸ್ಪಷ್ಟ. ಸಹಜ ಕಾಡನ್ನು ಬೋಳು ಕಡಿದು ಹೊಸ ತೋಪು ಮಾಡಕೂಡದು. ಇರುವ ತೋಪನ್ನು ಕಡಿದರೆ ತೊಗಟೆ, ಸೊಪ್ಪು, ರೆಂಬೆಗಳು ಅಲ್ಲಿಯೇ ಉಳಿಯಲಿ, ಬೆಂಕಿ ಬೇಡ. ಆ ಜಾಗದಲ್ಲಿ ಮತ್ತಿ, ಹೊನ್ನೆ, ನೇರಳೆ ಮೇಲೇಳಲಿ. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು ಉಪಯುಕ್ತ ಸಸಿಗಳನ್ನು ನೆಟ್ಟರು. ಆ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹದ ಹೋರಾಟ ಮುಂದುವರಿದು, ಆ ತೋಪುಗಳ ಕಂಪನಿ 1991ರಲ್ಲಿ ಮುಚ್ಚಿತು. ಗ್ರಾಮಸಭೆಯಲ್ಲಿ ಎದ್ದು ನಿಂತು ಗೊಬ್ಬರದ ಲೆಕ್ಕ ಕೇಳೋಣ.