ಗೈಡುಗಳ ಲೆಕ್ಕ, ಬೋರ್‌ವೆಲ್ಲುಗಳ ಲೆಕ್ಕ

ಯಾವ ವಿಶ್ವವಿದ್ಯಾಲಯದ ವಾರ್ಷಿಕ ವರದಿ ತೆಗೆದರೂ ಈಗ ಒಂದು ಪುಟ ಖಾಯಂ. ಎಷ್ಟು ವಿಭಾಗಗಳಲ್ಲಿ ಪಿಎಚ್.ಡಿ. ಶುರುವಾಯಿತು, ಎಷ್ಟು ಜನ ಗೈಡುಗಳಿಗೆ ಮಾನ್ಯತೆ ಸಿಕ್ಕಿತು, ಎಷ್ಟು ಪೇಪರ್ ಅಚ್ಚಾದವು ಎಂಬ ಪಟ್ಟಿ. ಪ್ರಾಧ್ಯಾಪಕರಿಗೆ 8, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4 ಸಂಶೋಧನಾರ್ಥಿಗಳು ಎಂದು ಯುಜಿಸಿಯ 2022ರ ನಿಯಮ ಹೇಳಿರುವುದರಿಂದ ಲೆಕ್ಕ ಹಾಕುವುದೂ ಸಲೀಸು. ಗೈಡು ಹೆಚ್ಚಿದರೆ ಸೀಟು ಹೆಚ್ಚು, ಸೀಟು ಹೆಚ್ಚಿದರೆ ಸಂಶೋಧನೆ ಬೆಳೆಯಿತು. ನ್ಯಾಕ್ ತಂಡ ಬಂದಾಗ ತೋರಿಸಲು ಇಷ್ಟು ಸಾಕು. ಮಾಸ್ತಿಯಲ್ಲಿ ಕೂತು ನೋಡುವವನಿಗೆ ಸಾಲದು.

ನಮ್ಮದು ಕೋಲಾರ ಜಿಲ್ಲೆ, ಮಾಲೂರು ತಾಲ್ಲೂಕು. ಬೆಂಗಳೂರು ವಿಶ್ವವಿದ್ಯಾಲಯ ಮೂರು ಹೋಳಾಗಿ 2017ರಲ್ಲಿ ನಮ್ಮ ಪಾಲಿಗೆ ಬಂದದ್ದು ಬೆಂಗಳೂರು ಉತ್ತರ ವಿಶ್ವವಿದ್ಯಾಲಯ. ಹೆಸರು ಬೆಂಗಳೂರಿನದು, ಕಚೇರಿ ಕೋಲಾರದ ಟಮಕದಲ್ಲಿ. ಅದೇ ಟಮಕದಲ್ಲಿ ತೋಟಗಾರಿಕೆ ಕಾಲೇಜಿದೆ, ಕೃಷಿ ವಿಜ್ಞಾನ ಕೇಂದ್ರವಿದೆ, ದೇವರಾಜ ಅರಸು ವೈದ್ಯಕೀಯ ಕಾಲೇಜಿದೆ. ಆದರೆ ತೋಟಗಾರಿಕೆ ಕಾಲೇಜು ಬಾಗಲಕೋಟೆಯ ವಿ.ವಿ.ಗೆ ಸೇರಿದ್ದು, ಮೆಡಿಕಲ್ ಕಾಲೇಜು ಇನ್ನೊಂದು ಡೀಮ್ಡ್ ವಿ.ವಿ.ಯದು. ನೆರೆಹೊರೆಯವರೇ, ಆದರೆ ಒಬ್ಬರ ಮನೆ ಕಾಗದ ಇನ್ನೊಬ್ಬರ ಮನೆಗೆ ಹೋಗುವುದಿಲ್ಲ.

ಕೋಲಾರಕ್ಕೆ ಸಂಶೋಧನೆ ಹೊಸದೇನಲ್ಲ. ಬಿ.ಎಲ್. ರೈಸ್ ಜಿಲ್ಲೆಯ ಶಾಸನಗಳನ್ನೆಲ್ಲ ಒಟ್ಟುಮಾಡಿ ಎಪಿಗ್ರಾಫಿಯಾ ಕರ್ನಾಟಿಕದ 10ನೇ ಸಂಪುಟವಾಗಿ ತಂದದ್ದು 1905ರಲ್ಲಿ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹಮ್ ವಿ.ವಿ.ಗಳ ಜೊತೆ ಸೇರಿ 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳನ್ನು ಪತ್ತೆ ಹಚ್ಚಿದರು. ಹೆಚ್ಚು ಕಡಿಮೆ ಅದೇ ಹೊತ್ತಿಗೆ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಇನ್ನೊಂದು ತಂಡಕ್ಕೂ ಅವು ಸಿಕ್ಕಿದವು. ಅದಕ್ಕೆ ಮುಂಚೆ ಜಗತ್ತಿನಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ಗಣಿಯೊಳಗೆ ಬಂಡೆ ಸಿಡಿದು ಕಾರ್ಮಿಕರು ಸಾಯುತ್ತಿದ್ದುದರಿಂದ ಬಂಡೆಯ ಒತ್ತಡದ ಅಧ್ಯಯನವೂ ಅಲ್ಲೇ ಬೆಳೆಯಿತು; 1988ರಲ್ಲಿ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ರಾಕ್ ಮೆಕ್ಯಾನಿಕ್ಸ್ ಹುಟ್ಟಿದ್ದು ಕೆಜಿಎಫ್‌ನಲ್ಲೇ. ಈಗ ಪ್ರಾಸ್ಪೆಕ್ಟಸ್ಸುಗಳಲ್ಲಿ ದಪ್ಪಕ್ಷರದಲ್ಲಿ ಅಚ್ಚುಹಾಕುವ ಅಂತರಶಿಸ್ತೀಯ ಸಂಶೋಧನೆ ಆಗ ಸದ್ದಿಲ್ಲದೆ ಗಣಿಯ ಕೇಜಿನಲ್ಲಿ ಇಳಿಯುತ್ತಿತ್ತು. ಭೌತವಿಜ್ಞಾನಿ, ಎಂಜಿನಿಯರ್, ಗಣಿ ಕಾರ್ಮಿಕ ಒಟ್ಟಿಗೆ. 2001ರ ಫೆಬ್ರವರಿ 28ಕ್ಕೆ ಗಣಿಯೇ ಮುಚ್ಚಿತು.

ಅಷ್ಟು ಆಳದ ವಿಚಾರ ನಮ್ಮಂಥವರಿಗೆ ಹೆಮ್ಮೆಗಾಯಿತು, ಹೊಲಕ್ಕಲ್ಲ. ಹೊಲಕ್ಕೆ ಬೇಕಿದ್ದ ಸಂಶೋಧನೆಯೂ ಪಕ್ಕದಲ್ಲೇ ನಡೆದಿತ್ತು. ಸಾಮಾಜಿಕ ಅರಣ್ಯದ ಹೆಸರಿನಲ್ಲಿ 1980ರ ದಶಕದಲ್ಲಿ ರಾಗಿ ಹೊಲಗಳಿಗೂ ನೀಲಗಿರಿ ಬಂದದ್ದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಒಮ್ಮೆ ನೆಟ್ಟರೆ ಕಡಿದ ಬುಡದಿಂದ ಮತ್ತೆ ಚಿಗುರುತ್ತದೆ, ದನ ಬಾಯಿ ಹಾಕುವುದಿಲ್ಲ, ಆಳುಗಳ ತಾಪತ್ರಯವಿಲ್ಲ, ಮಾಲೀಕ ಬೆಂಗಳೂರಿನಲ್ಲಿದ್ದರೂ ಮರ ಬೆಳೆಯುತ್ತದೆ. ಬಾವಿಗಳು ಒಣಗತೊಡಗಿದಾಗ ರೈತರು ನೀಲಗಿರಿಯನ್ನೇ ಬೈದರು. ಮಳೆ ಕಡಿಮೆಯಾಗಿದೆ, ಮರವೇನು ಮಾಡೀತು ಎಂದು ಓದಿದವರು ಸಮಾಧಾನ ಹೇಳಿದರು. ಬ್ರಿಟನ್ನಿನ ಜಲವಿಜ್ಞಾನಿ ಇಯಾನ್ ಕಾಲ್ಡರ್ ಮತ್ತು ಇಲ್ಲಿನ ಸಹೋದ್ಯೋಗಿಗಳು ಮಾಲೂರಿಗೆ ಆತುಕೊಂಡಿರುವ ಹೊಸಕೋಟೆಯ ನೀಲಗಿರಿ ತೋಪಿನಲ್ಲಿ ಮಣ್ಣಿನ ತೇವವನ್ನು ಆಳದವರೆಗೆ ಅಳೆದು ನೋಡಿದರು. ಮರಗಳು ಬಳಸಿದ ನೀರು ಬಿದ್ದ ಮಳೆಗಿಂತ ಹೆಚ್ಚಿತ್ತು. ಬೇರು ವರ್ಷ ವರ್ಷ ಕೆಳಗಿಳಿಯುತ್ತ ಮಣ್ಣಿನಲ್ಲಿ ಹಿಂದೆಂದೋ ಇಂಗಿದ್ದ ತೇವವನ್ನೂ ಹೀರುತ್ತಿತ್ತು. ಇದು ಅಂತರರಾಷ್ಟ್ರೀಯ ಜರ್ನಲ್ಲಿನಲ್ಲಿ ಬಂದದ್ದು 1997ರಲ್ಲಿ. ಹೊಸದಾಗಿ ನೀಲಗಿರಿ ನೆಡಬಾರದು ಎಂದು ಕರ್ನಾಟಕ ಸರ್ಕಾರ ಆದೇಶ ಮಾಡಿದ್ದು 2017ರಲ್ಲಿ.

ಮಧ್ಯೆ 20 ವರ್ಷ. ಆ ಲೇಖನ ಕನ್ನಡದಲ್ಲಿ ಬಂದಿದ್ದರೆ ಮಾರನೇ ವರ್ಷವೇ ನಿಷೇಧ ಆಗಿಬಿಡುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ನೀಲಗಿರಿಯ ಹಿಂದೆ ದುಡ್ಡಿತ್ತು, ದುಡ್ಡಿಗೆ ಎಲ್ಲ ಭಾಷೆಯೂ ಬರುತ್ತದೆ. ಆದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಮಾತಾಡುವ ರೈತನ ಕೈಯಲ್ಲಿ ಅಳತೆಯ ಕಾಗದವೊಂದು ಇರುತ್ತಿತ್ತು. ಅದನ್ನು ಆತನ ಕೈಗೆ ಕೊಡಬೇಕಾದದ್ದು ಯಾರು? ಹೊರಗಿನಿಂದ ಬಂದ ವಿಜ್ಞಾನಿ ಅಳತೆ ಮುಗಿಸಿ ಊರಿಗೆ ಹೋಗುತ್ತಾನೆ, ಅದು ತಪ್ಪಲ್ಲ. ಉಳಿಯಬೇಕಾದದ್ದು ಊರಿನ ವಿಶ್ವವಿದ್ಯಾಲಯ. ಕೋಲಾರಕ್ಕೆ ಇಲ್ಲದೆ ಹೋದದ್ದು ಸಂಶೋಧನೆಯಲ್ಲ, ಸಂಶೋಧನೆಯನ್ನು ಇಲ್ಲೇ ಇಟ್ಟುಕೊಂಡು ಮುಂದುವರಿಸುವ ಮನೆ.

ಈಗ ಆ ಮನೆ ಇದೆ ಎಂದುಕೊಳ್ಳೋಣ. ಅಲ್ಲಿ ಏನು ನಡೆಯಬೇಕು? ನಮ್ಮ ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ಬೆಳಿಗ್ಗೆ ಹೊತ್ತು ನಿಂತರೆ ಒಂದು ಇಡೀ ವಿ.ವಿ.ಗೆ ಆಗುವಷ್ಟು ವಿಷಯ ಸಿಗುತ್ತದೆ. 5 ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ಕ್ಯಾನು ತುಂಬುತ್ತದೆ. ಯಂತ್ರ ಬೇಡವೆಂದು ಬಿಟ್ಟ ನೀರು ಹಿಂದಿನ ಪೈಪಿನಿಂದ ಚರಂಡಿಗೆ. ಕ್ಯೂನಲ್ಲಿರುವ ನಡುವಯಸ್ಸಿನವರು ನಕ್ಕರೆ ಹಲ್ಲಿನ ಮೇಲೆ ಕಂದು ಗೀರು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂದು ಮಾನಕ ಇದೆ. ಆಳದ ಬಂಡೆಯ ನೀರಿಗೆ ಆ ಮಾನಕ ಗೊತ್ತಿಲ್ಲ. ಹಲ್ಲು ದಂತವೈದ್ಯರಿಗೆ ಸೇರಿದ್ದು, ಬಂಡೆ ಭೂವಿಜ್ಞಾನದವರಿಗೆ. ಅಷ್ಟು ಆಳಕ್ಕೆ ಕೊರೆದದ್ದು ಏಕೆ ಎಂದರೆ ಟೊಮೆಟೊ, ಹಿಪ್ಪುನೇರಳೆ, 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಪುಕ್ಕಟೆ ಕರೆಂಟು, ಅದು ಅರ್ಥಶಾಸ್ತ್ರ. ಕ್ಯಾನು ಹೊರುವುದು ಸಾಮಾನ್ಯವಾಗಿ ಮನೆಯ ಹೆಂಗಸು ಅಥವಾ ಹುಡುಗ, ಅದು ಸಮಾಜಶಾಸ್ತ್ರ. ಇದನ್ನು ವಿಭಾಗಗಳ ನಡುವೆ ಹಂಚಿಬಿಟ್ಟರೆ ನಾಲ್ಕು ಪ್ರಬಂಧ ಆಗುತ್ತದೆ, ನಾಲ್ಕು ಡಾಕ್ಟರೇಟ್ ಆಗುತ್ತದೆ, ನೀರು ಹಾಗೇ ಇರುತ್ತದೆ.

ಕೆ.ಸಿ. ವ್ಯಾಲಿಯದು ಇದಕ್ಕಿಂತ ಬಿಸಿಯಾದ ವಿಷಯ. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ ದಿನಕ್ಕೆ 440 ದಶಲಕ್ಷ ಲೀಟರ್ ನಮ್ಮ ಕೆರೆಗಳಿಗೆ ಹರಿಸುವ ಯೋಜನೆ, 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂತು. ಸ್ವಲ್ಪ ದಿನದಲ್ಲೇ ನೊರೆ ಕಂಡು ಗಲಾಟೆಯಾಯಿತು, ಸಂಗತಿ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಬತ್ತಿದ ಕೊಳವೆಬಾವಿಗಳಲ್ಲಿ ನೀರು ಮೇಲಕ್ಕೆ ಬಂತೆಂದು ಒಂದು ಕಡೆಯವರು, ಮೂರನೇ ಹಂತದ ಶುದ್ಧೀಕರಣ ಇಲ್ಲದೆ ಬೇಡವೆಂದು ಇನ್ನೊಂದು ಕಡೆಯವರು. ಸರ್ಕಾರ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಅಧ್ಯಯನ ಮಾಡಿಸಿತು. ಅದರ ಯೋಗ್ಯತೆಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಇಲ್ಲಿ ಬೇಕಾದದ್ದು ಅವೇ ಬಾವಿಗಳಿಂದ ತಿಂಗಳು ತಿಂಗಳು, ಹತ್ತು ಹದಿನೈದು ವರ್ಷ ಬಿಡದೆ ನೀರು ತೆಗೆದು ಬರೆದಿಡುವವರು. ಅದು ಬೇಜಾರಿನ ಕೆಲಸ. ಪಿಎಚ್.ಡಿ.ಯ ಅವಧಿ 3ರಿಂದ 6 ವರ್ಷ; ಮೂರು ತಲೆಮಾರಿನ ಸಂಶೋಧನಾರ್ಥಿಗಳು ಒಬ್ಬರ ಬಳಿಕ ಒಬ್ಬರು ಒಂದೇ ಪುಸ್ತಕದಲ್ಲಿ ಬರೆಯಬೇಕು. ಪೇಪರ್ ಲೆಕ್ಕ ಹಾಕುವ ವ್ಯವಸ್ಥೆಯಲ್ಲಿ ಇಂಥ ಪುಸ್ತಕಕ್ಕೆ ಅಂಕವಿಲ್ಲ. ಊರಲ್ಲೇ ಇರುವ ವಿ.ವಿ. ಬಿಟ್ಟರೆ ಇದನ್ನು ಮಾಡಬಲ್ಲವರೂ ಇಲ್ಲ.

ದುಡ್ಡು ಎಲ್ಲಿಂದ ಎಂದು ಕೇಳುವವರಿಗೆ ಉತ್ತರ ಕೊಡಬೇಕು. ದೇಶ ಸಂಶೋಧನೆಗೆ ಖರ್ಚು ಮಾಡುವುದು ಜಿಡಿಪಿಯ ಶೇ 0.64ರಷ್ಟು. 2023ರ ಕಾಯ್ದೆಯಡಿ ಬಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ 5 ವರ್ಷದಲ್ಲಿ 50,000 ಕೋಟಿ ರೂಪಾಯಿ ಎಂದರು, ಅದರಲ್ಲಿ ದೊಡ್ಡ ಪಾಲು ಖಾಸಗಿಯವರಿಂದ ಬರಬೇಕಂತೆ. ಇತ್ತ ರಾಜ್ಯದಲ್ಲಿ 2025ರಲ್ಲಿ ಸಂಪುಟ ಉಪಸಮಿತಿ 9 ಹೊಸ ವಿ.ವಿ.ಗಳನ್ನೇ ಮುಚ್ಚುವ ಮಾತಾಡಿತು. ತರಗತಿ ನಡೆಸುವುದೇ ಅತಿಥಿ ಉಪನ್ಯಾಸಕರಾದರೆ ಗೈಡ್ ಆಗುವವರು ಯಾರು ಎಂಬುದನ್ನು ಯಾವ ನಿಯಮವೂ ಹೇಳುವುದಿಲ್ಲ. ಆದ್ದರಿಂದ ಹೊಸ ವಿಭಾಗಗಳನ್ನು ಸಾಲಾಗಿ ತೆರೆಯುವುದಕ್ಕಿಂತ, ನೀರು ಎಂಬ ಒಂದೇ ವಿಷಯಕ್ಕೆ ಇರುವ ವಿಭಾಗಗಳನ್ನೆಲ್ಲ ಕಟ್ಟಿಹಾಕುವುದು ಅಗ್ಗ. ಟಮಕದ ಅಕ್ಕಪಕ್ಕದವರ ಜೊತೆ ಒಂದು ಒಡಂಬಡಿಕೆ, ಒಂದು ಪ್ರಯೋಗಾಲಯ, ಮಾದರಿ ತರಲು ಒಂದು ಜೀಪು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಪದವಿ ಕಾಲೇಜುಗಳ ರಸಾಯನಶಾಸ್ತ್ರದ ಮೇಷ್ಟ್ರುಗಳಿಗೆ ಬಾಟಲಿ ಕೊಟ್ಟರೆ ಜೀಪೂ ಬೇಡ.

ಮತ್ತೊಂದು ಕೆಲಸಕ್ಕೆ ಖರ್ಚೇ ಇಲ್ಲ. ಪ್ರತಿ ಮಹಾಪ್ರಬಂಧದ ಜೊತೆ 20 ಪುಟದ ಕನ್ನಡ ಸಾರಾಂಶ ಕಡ್ಡಾಯ ಮಾಡುವುದು. ಅದಿಲ್ಲದಿದ್ದರೆ ವೈವಾ ಇಲ್ಲ. ಮಹಾಪ್ರಬಂಧಗಳ ಜಾಲತಾಣ ಶೋಧಗಂಗಾದಲ್ಲಿ ಹಾಕಿದ್ದೇವೆ ಎನ್ನುತ್ತಾರೆ, ಹಾಕಲಿ. ಒಂದು ಪ್ರತಿ ಕೆಲಸ ನಡೆದ ಊರಿನ ಗ್ರಂಥಾಲಯಕ್ಕೂ ಬರಲಿ. ಇಂಗ್ಲಿಷಿನಲ್ಲಿ ಎಂ.ಎ. ಮಾಡಿ ಕನ್ನಡಕ್ಕೆ ಬದುಕು ಸವೆಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆ ಇಲ್ಲಿ ಗ್ರಂಥಾಲಯವಾಗಿದೆ. ಪೇಪರ್ ಓದಲು ಬರುವ ಹಿರಿಯರು ಮೊದಲು ನೋಡುವುದು ತಮ್ಮ ಊರಿನ ಬಾವಿಯ ಅಂಕಿ ಸರಿ ಬಿದ್ದಿದೆಯೋ ಇಲ್ಲವೋ ಎಂದು. ತಪ್ಪಿದ್ದರೆ ಗೈಡಿಗೆ ಒಂದು ಕಾಗದ ಬರೆಯುತ್ತಾರೆ, ಅಷ್ಟು ಛಲ ನಮ್ಮ ಕಡೆಯವರಿಗೆ ಇದೆ.